ಹಳೆಯ ಹೋಮ್ ಕಂಪ್ಯೂಟರ್‌ನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಂ: ಡೌನ್‌ಲೋಡ್ ಮಾಡುವ ಮೊದಲು ಚಿಪ್ ಓದಿ

ಅಮಿಗಾ, ಅಟಾರಿ ಎಸ್‌ಟಿ, ಕಮಡೋರ್ 64, ಸ್ಪೆಕ್ಟ್ರಂ. ಇಂಥ ಯಂತ್ರಗಳಲ್ಲಿ ಲಿನಕ್ಸ್ ಅಥವಾ ಯುನಿಕ್ಸ್ ತರಹದ ಸಿಸ್ಟಂ ಓಡಿಸಲು ಹೊರಟವರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೊದಲು ಸಿಸ್ಟಂ ಡೌನ್‌ಲೋಡ್ ಮಾಡುತ್ತಾರೆ. ಆಮೇಲೆ ಮೆಮೊರಿ ಹೆಚ್ಚಿಸುವ ಕಾರ್ಡ್ ತರಿಸುತ್ತಾರೆ. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಪರದೆ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಲ್ಲುತ್ತದೆ. ತಪ್ಪು ಎಲ್ಲಿದೆ ಅಂತ ಹುಡುಕಲು ದಾರಿಯೇ ಇರುವುದಿಲ್ಲ, ಯಾಕೆಂದರೆ ಒಂದೇ ಸಲಕ್ಕೆ ಐದಾರು ವಸ್ತು ಬದಲಾಗಿವೆ.

ಕ್ರಮ ತಿರುವುಮುರುವಾಗಿರುವುದೇ ಇಲ್ಲಿ ದೊಡ್ಡ ತೊಂದರೆ. ಮೊದಲು ಕರೆಂಟು, ಆಮೇಲೆ ಪ್ರೊಸೆಸರ್, ಆಮೇಲೆ ಮೆಮೊರಿ. ಈ ಮೂರನ್ನೂ ನೋಡಿದ ಮೇಲೆ ಸಿಸ್ಟಂ ಆರಿಸಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಬೇಕಾಗುವ ಸಾಮಾನು

ಮಲ್ಟಿಮೀಟರ್, ಸರಿಯಾದ ಅಳತೆಯ ಸ್ಕ್ರೂಡ್ರೈವರ್, ಒಳ್ಳೆಯ ಟಾರ್ಚ್, ಭೂತಗನ್ನಡಿ, ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತಗಿನ ಬ್ರಷ್. ಜೊತೆಗೆ ನಿಮ್ಮ ಯಂತ್ರಕ್ಕೆ ಹೊಂದುವ ಸೀರಿಯಲ್ ಕೇಬಲ್. ಕೇಬಲ್ ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ, ಅದನ್ನು ಬಿಡಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಚಿಪ್ ಮೇಲಿನ ಬರಹ, ಅಳೆದ ವೋಲ್ಟೇಜ್, ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಕ್ಲಿಪ್) ಯಾವ ಕಡೆ ಇತ್ತು, ಎಲ್ಲವನ್ನೂ ಬರೆದಿಡಿ. ಫೋನ್‌ನಲ್ಲಿ ಬೋರ್ಡ್‌ನ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಬೆಸುಗೆ ಹಾಕಲು ಬರದಿದ್ದರೆ ಕಲಿಯಲು ಈ ಯಂತ್ರವನ್ನು ಬಳಸಬೇಡಿ. ಹಳೆಯ ಬೋರ್ಡ್‌ನ ತಾಮ್ರದ ಗೆರೆಗಳು ಜಾಸ್ತಿ ಶಾಖ ತಗುಲಿದರೆ ಎದ್ದು ಬರುತ್ತವೆ. ಯಾವುದಾದರೂ ಕೆಟ್ಟ ಬೋರ್ಡ್ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

## ಹಂತ 1: ಪ್ಲಗ್ ಹಾಕುವ ಮೊದಲು ಮುಚ್ಚಳ ತೆಗೆಯಿರಿ

ಬ್ಯಾಟರಿ ಇದೆಯೇ ಅಂತ ಮೊದಲು ನೋಡಿ. ಅಮಿಗಾ 500 ಪ್ಲಸ್, 2000, 3000, 4000 ಬೋರ್ಡ್‌ಗಳಲ್ಲಿ ಗಡಿಯಾರಕ್ಕಾಗಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಸುತ್ತಲಿನ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಅಥವಾ ನೀಲಿ ಪುಡಿ ಕಂಡರೆ ಅದೇ ಗುರುತು. ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಆ ಸೋರಿಕೆ ಕ್ಷಾರ. ಹಾಗಾಗಿ ಸ್ವಲ್ಪ ವಿನೆಗರ್‌ನಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್‌ನಿಂದ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ.

ಆಮೇಲೆ ಕೆಪಾಸಿಟರ್. ಅಮಿಗಾ 600, 1200, 4000 ಬೋರ್ಡ್‌ಗಳ ಮೇಲೆ ನೇರವಾಗಿ ಅಂಟಿಸಿದ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳು ಸೋರುವುದಕ್ಕೇ ಹೆಸರುವಾಸಿ. ಮ್ಯಾಕ್ ಎಸ್‌ಇ/30 ಬೋರ್ಡ್‌ನದೂ ಅದೇ ಕಥೆ. ಬುಡದಲ್ಲಿ ಅಂಟಂಟು ಕಲೆ, ಮಂಕಾದ ಬೆಸುಗೆ, ಬೆಸುಗೆ ಐರನ್ ತಾಗಿಸಿದ ಕೂಡಲೇ ಮೀನಿನಂಥ ವಾಸನೆ. ಇವು ಕಂಡರೆ ಕೆಪಾಸಿಟರ್ ಬದಲಾಯಿಸದೆ ಮುಂದೆ ಹೋಗಬೇಡಿ. ಸೋರಿದ ಬೋರ್ಡ್ ಆಟ ಆಡಿಸಬಹುದು, ಆದರೆ ಗಂಟೆಗಟ್ಟಲೆ ಮೆಮೊರಿಯನ್ನು ತುಂಬ ದುಡಿಸುವ ಸಿಸ್ಟಂ ಕೆಳಗೆ ಕೈ ಕೊಡುತ್ತದೆ.

ಪವರ್ ಸಪ್ಲೈ ಅಳೆಯಿರಿ. 5 ವೋಲ್ಟ್ ಗೆರೆ 4.75 ಮತ್ತು 5.25ರ ನಡುವೆ ಇರಬೇಕು. ಕಮಡೋರ್ 64ರ ಹಳೆಯ ಇಟ್ಟಿಗೆಯಂಥ ಸಪ್ಲೈ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅದರೊಳಗಿನ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ. ಏರಿದ ವೋಲ್ಟೇಜ್ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಇಂದು ಸರಿ ಇದ್ದದ್ದು ನಾಳೆ ಏರಬಹುದು. ಆ ಸಪ್ಲೈಯನ್ನು ಪಕ್ಕಕ್ಕಿಟ್ಟು ಹೊಸದು ಬಳಸಿ.

ಹಾಗೆಯೇ, ಅಳತೆಯನ್ನು ಕಾರ್ಡ್ ಹಾಕಿದ ಮೇಲೆ ಇನ್ನೊಮ್ಮೆ ಮಾಡಿ. ಖಾಲಿ ಯಂತ್ರದಲ್ಲಿ 5.05 ತೋರಿಸಿದ ಸಪ್ಲೈ, ವೇಗದ ಪ್ರೊಸೆಸರ್ ಕಾರ್ಡ್ ಮತ್ತು ಡಿಸ್ಕ್ ಸೇರಿದಾಗ 4.7ಕ್ಕೆ ಕುಸಿಯಬಹುದು. ಆಗ ಕರ್ನಲ್, ಅಂದರೆ ಸಿಸ್ಟಂನ ಮೂಲ ಭಾಗ, ಅರ್ಧ ದಾರಿಯಲ್ಲಿ ಸಾಯುತ್ತದೆ, ನೀವು ಕರ್ನಲ್ ಮೇಲೆ ಅನುಮಾನ ಪಡುತ್ತೀರಿ.

ಒಂದು ಗಟ್ಟಿ ಎಚ್ಚರಿಕೆ: ಹಳೆಯ ಟಿವಿ ಥರದ ಮಾನಿಟರ್ ಅಥವಾ ಎಸ್‌ಇ/30ರಂತೆ ಮಾನಿಟರ್ ತನ್ನೊಳಗೇ ಇರುವ ಮ್ಯಾಕನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದು ಗೊತ್ತಿದ್ದವರ ಕೆಲಸ.

## ಹಂತ 2: ಪ್ರೊಸೆಸರ್ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ

ಇಡೀ ಕೆಲಸದಲ್ಲಿ ಜಾಸ್ತಿ ಜನ ಸೋಲುವುದು ಇಲ್ಲಿ. ಅವರು ಮೆಗಾಹರ್ಟ್ಸ್ ನೋಡುತ್ತಾರೆ. ನೋಡಬೇಕಾದ್ದು ಎಂಎಂಯು ಇದೆಯೇ ಇಲ್ಲವೇ ಎಂಬುದನ್ನು.

ಎಂಎಂಯು ಅಂದರೆ ಪ್ರತಿ ಪ್ರೋಗ್ರಾಂಗೂ ಅದರದೇ ಮೆಮೊರಿ ಬೇಲಿ ಹಾಕಿಕೊಡುವ ಭಾಗ. ಇದಿದ್ದರೆ ಹತ್ತು ಪ್ರೋಗ್ರಾಂಗಳೂ 'ನಾನು ಒಂದೇ ವಿಳಾಸದಿಂದ ಶುರು' ಅಂದುಕೊಂಡು ನೆಮ್ಮದಿಯಾಗಿ ಓಡುತ್ತವೆ. ಒಂದು ಕೆಟ್ಟರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಮೆಮೊರಿ ಸಾಲದಿದ್ದರೆ ಡಿಸ್ಕ್‌ಗೆ ಸರಿಸಬಹುದು. ಲಿನಕ್ಸ್ ಮತ್ತು ನೆಟ್‌ಬಿಎಸ್‌ಡಿ (ಯುನಿಕ್ಸ್ ತರಹದ ಇನ್ನೊಂದು ಸಿಸ್ಟಂ) ಅಮಿಗಾ, ಅಟಾರಿಗಳಲ್ಲಿ ಓಡಲು ಇದನ್ನೇ ಬೇಡುತ್ತವೆ. ಇಲ್ಲದಿದ್ದರೆ ಎಷ್ಟು ಮೆಮೊರಿ ಇದ್ದರೂ ಉಪಯೋಗವಿಲ್ಲ.

ಮೊಟೊರೊಲಾ ಚಿಪ್‌ಗಳಲ್ಲಿ ಹೀಗೆ ನೋಡಿ:

1. 68000: ಎಂಎಂಯು ಇಲ್ಲ. ಅಮಿಗಾ 500, ಅಟಾರಿ 520 ಎಸ್‌ಟಿ ಮತ್ತು 1040 ಎಸ್‌ಟಿಯಲ್ಲಿ ಇರುವುದು ಇದು. ಹೊರಗಿನಿಂದ ವಿಳಾಸ ತಪ್ಪು ಅಂತ ಸಿಗ್ನಲ್ ಬಂದರೂ, ನಿಂತ ಆದೇಶವನ್ನು ಮತ್ತೆ ಮುಂದುವರಿಸುವಷ್ಟು ಮಾಹಿತಿ ಅದು ಉಳಿಸಿಕೊಳ್ಳುವುದಿಲ್ಲ.

2. 68010: ಆ ಒಂದು ಕೊರತೆಯನ್ನು ಸರಿಪಡಿಸಿದೆ. 68000 ಸಾಕೆಟ್‌ನಲ್ಲೇ ಕೂರುತ್ತದೆ. ಅದಕ್ಕೇ ಹಲವರು ಇದನ್ನು ಹಾಕಿ 'ವರ್ಚುವಲ್ ಮೆಮೊರಿ (ಡಿಸ್ಕನ್ನೂ ಮೆಮೊರಿಯಂತೆ ಬಳಸುವ ಸೌಲಭ್ಯ) ಬಂತು' ಅಂದುಕೊಳ್ಳುತ್ತಾರೆ. ಚಿಪ್‌ನೊಳಗೆ ಎಂಎಂಯು ಇಲ್ಲವೇ ಇಲ್ಲ. ಆ ಹಣ ಉಳಿಸಿ.

3. 68020: ಒಳಗೆ ಎಂಎಂಯು ಇಲ್ಲ, ಪಕ್ಕದಲ್ಲಿ 68851 ಎಂಬ ಬೇರೆ ಚಿಪ್ ಬೇಕು. ಅಮಿಗಾ 1200ರಲ್ಲಿ ಇರುವ 68ಇಸಿ020ರ ಹತ್ತಿರ ಅದೂ ಇಲ್ಲ.

4. 68030: ಇದೆ. ಆದರೆ 68ಇಸಿ030 ಅಂತ ಬರೆದಿದ್ದರೆ ಎಂಎಂಯು ಇಲ್ಲ ಅಂತಲೇ ಲೆಕ್ಕ.

5. 68040: ಎಂಎಂಯು, ಎಫ್‌ಪಿಯು (ದಶಮಾಂಶದ ಲೆಕ್ಕ ಮಾಡುವ ಭಾಗ) ಎರಡೂ ಇವೆ. 68ಎಲ್‌ಸಿ040ರಲ್ಲಿ ಎಂಎಂಯು ಇದೆ, ಎಫ್‌ಪಿಯು ಇಲ್ಲ. 68ಇಸಿ040ರಲ್ಲಿ ಎರಡೂ ಇಲ್ಲ.

ಹೀಗೆ ನಡುವೆ ಬರುವ ಎರಡು ಅಕ್ಷರಗಳೇ ನಿಮ್ಮ ಭವಿಷ್ಯ ನಿರ್ಧರಿಸುತ್ತವೆ. ಯಂತ್ರದ ಹೆಸರನ್ನೂ ನಂಬಬೇಡಿ. ಅಮಿಗಾ 3000ದಲ್ಲಿ ಪೂರ್ಣ 68030 ಇದ್ದರೆ, ಅದಕ್ಕಿಂತ ಹೊಸದಾದ ಅಮಿಗಾ 4000/030ದಲ್ಲಿ ಇಸಿ ಚಿಪ್ ಇದೆ. ಅಟಾರಿ ಫಾಲ್ಕನ್ ಮತ್ತು ಟಿಟಿಯಲ್ಲಿ ಪೂರ್ಣ 68030 ಇದೆ.

ನಾನೇ ಇದರಲ್ಲಿ ಎರಡು ವಾರ ಕಳೆದೆ. 68030, 50 ಮೆಗಾಹರ್ಟ್ಸ್ ಅಂತ ವಿವರ ಬರೆದಿದ್ದ ಕಾರ್ಡ್ ತರಿಸಿದ್ದೆ. ಮೂರು ಕರ್ನಲ್ ಬದಲಾಯಿಸಿದೆ, ಕನೆಕ್ಟರ್ ತೊಳೆದೆ, ಸಪ್ಲೈ ಬದಲಾಯಿಸಿದೆ. ಕೊನೆಗೆ ಹೀಟ್‌ಸಿಂಕ್ ಎತ್ತಿ ನೋಡಿದರೆ ಅಡಿಯಲ್ಲಿ 'ಇಸಿ' ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಆವತ್ತಿನಿಂದ ಚಿಪ್‌ನ ಮುಖ ಕಾಣುವ ಫೋಟೊ ಇಲ್ಲದೆ ಯಾವ ಕಾರ್ಡನ್ನೂ ನಾನು ಒಪ್ಪಿಕೊಂಡಿಲ್ಲ. ನೀವೂ ಕೇಳಿ.

ಬರಹ ಅಳಿಸಿ ಹೊಸದಾಗಿ ಅಚ್ಚು ಹಾಕಿದ ಚಿಪ್‌ಗಳೂ ಓಡಾಡುತ್ತವೆ. ಮೇಲ್ಮೈ ಉಜ್ಜಿದ ಹಾಗೆ ಕಂಡರೆ, ಅಕ್ಷರ ತೀರಾ ಹೊಸದಾಗಿ ಬಿಳಿಯಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಯಂತ್ರದ ಮೇಲೆಯೇ ಪರೀಕ್ಷೆ ಮಾಡಿ. ಅಮಿಗಾದಲ್ಲಿ ಸಿಸ್‌ಇನ್ಫೊ ಅಥವಾ ಶೋಕಾನ್ಫಿಗ್ ಓಡಿಸಿದರೆ ಏನು ಸಿಕ್ಕಿದೆ ಅಂತ ಹೇಳುತ್ತದೆ. ಪರೀಕ್ಷೆಯ ಫಲ ಮತ್ತು ಚಿಪ್‌ನ ಬರಹ ಎರಡೂ ಒಂದನ್ನೇ ಹೇಳಬೇಕು.

ಎಫ್‌ಪಿಯು ವಿಚಾರ ಸ್ವಲ್ಪ ಬೇರೆ. ಅದಿಲ್ಲದಿದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ, ಆದರೆ ದಶಮಾಂಶದ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲೇ ಮಾಡುವ ಕರ್ನಲ್ ಬೇಕು, ಮತ್ತು ಅದು ನಿಧಾನ. ಶುರುವಿನ ಎಲ್‌ಸಿ040 ಚಿಪ್‌ಗಳಲ್ಲಿ ಒಂದು ದೋಷವಿದೆ. ಅದರಿಂದ ಈ ಅನುಕರಣೆಯೂ ಸರಿಯಾಗಿ ನಡೆಯುವುದಿಲ್ಲ. ಮ್ಯಾಕ್ ಎಲ್‌ಸಿ 475 ಥರದ ಯಂತ್ರದಲ್ಲಿ ಸಾಕೆಟ್‌ಗೆ ಪೂರ್ಣ 68040 ಹಾಕುವುದೇ ನೆಮ್ಮದಿ.

8 ಬಿಟ್ ಚಿಪ್‌ಗಳಿಗೆ, ಅಂದರೆ 6502, ಝಡ್80, 6809ಕ್ಕೆ, ಎಂಎಂಯು ಪ್ರಶ್ನೆ ಚಿಪ್‌ನ ಒಳಗೆ ಇರುವುದಿಲ್ಲ. ಅದು ಬೋರ್ಡ್ ಮೆಮೊರಿಯನ್ನು ಹೇಗೆ ಹೊಂದಿಸಿದೆ ಎಂಬುದರಲ್ಲಿದೆ. ಅದು ಮುಂದಿನ ಹಂತ.

## ಹಂತ 3: ಮೆಮೊರಿಯನ್ನು ಮೂರು ಸಲ ಎಣಿಸಿ

ಎಷ್ಟಿದೆ, ಎಲ್ಲಿದೆ, ಯಾರ ಜೊತೆ ಹಂಚಿಕೊಂಡಿದೆ. ಮೂರೂ ಬೇರೆ ಬೇರೆ ಪ್ರಶ್ನೆ.

ಎಷ್ಟಿದೆ. 6502, ಝಡ್80, 6809 ಮೂರಕ್ಕೂ ವಿಳಾಸದ ಗೆರೆ 16. ಹಾಗಾಗಿ ಒಂದು ಕ್ಷಣದಲ್ಲಿ ಅವು ನೋಡಬಲ್ಲದ್ದು 64 ಕೆಬಿ ಮಾತ್ರ. ಹೊರಗೆ 512 ಕೆಬಿ ಜೋಡಿಸಿದರೂ ನೋಡುವ ಕಿಟಕಿ ದೊಡ್ಡದಾಗುವುದಿಲ್ಲ, ಕಿಟಕಿಯ ಹಿಂದಿನ ಪುಟ ಬದಲಾಗುತ್ತದೆ ಅಷ್ಟೆ. 68000ದ ಹೊರಗಿನ ವಿಳಾಸ 24 ಬಿಟ್, ಅಂದರೆ 16 ಎಂಬಿ. ಅದರಲ್ಲಿ ರೋಮ್ (ಓದಲು ಮಾತ್ರ ಬರುವ ಮೆಮೊರಿ), ಚಿತ್ರ, ಪೋರ್ಟುಗಳಿಗೆ ಜಾಗ ಹೋಗುತ್ತದೆ. ಅಮಿಗಾದಲ್ಲಿ ಸಾಮಾನ್ಯ ಕಾರ್ಡುಗಳಿಗೆ ಉಳಿಯುವುದು 8 ಎಂಬಿ.

ಎಲ್ಲಿದೆ. ಇದನ್ನು ಜನ ಕೇಳುವುದೇ ಇಲ್ಲ. 8 ಬಿಟ್ ಯಂತ್ರಗಳ ಹಳೆಯ ಸಿಸ್ಟಂ ಸಿಪಿ/ಎಂ ಉದಾಹರಣೆ ತೆಗೆದುಕೊಳ್ಳಿ. ಅದಕ್ಕೆ ವಿಳಾಸ ಸೊನ್ನೆಯಿಂದಲೇ ಬರೆಯಬಹುದಾದ ಮೆಮೊರಿ ಬೇಕು. ಪ್ರೋಗ್ರಾಂಗಳು ವಿಳಾಸ 256ರಿಂದ ಶುರುವಾಗುತ್ತವೆ. 48 ಕೆಬಿ ಸ್ಪೆಕ್ಟ್ರಂನಲ್ಲಿ ಮೊದಲ 16 ಕೆಬಿಯಲ್ಲಿ ರೋಮ್ ಕೂತಿದೆ. ಮೆಮೊರಿ ಸಾಕಷ್ಟಿದ್ದರೂ ಹಾರ್ಡ್‌ವೇರ್ ತಿದ್ದದೆ ಸಿಪಿ/ಎಂ ಓಡುವುದಿಲ್ಲ. ಸ್ಪೆಕ್ಟ್ರಂ +3ರಲ್ಲಿ ರೋಮ್ ಸರಿಸಿ ಪೂರ್ತಿ 64 ಕೆಬಿಗೂ ರ‍್ಯಾಮ್ ತರುವ ವ್ಯವಸ್ಥೆ ಇದೆ. ಅದಕ್ಕೇ ಅಲ್ಲಿ ಸಿಪಿ/ಎಂ ಪ್ಲಸ್ ಓಡುತ್ತದೆ.

ಅಮಿಗಾ 1200ರಲ್ಲಿ ಇನ್ನೊಂದು ಬಲೆ. 24 ಬಿಟ್ ಜಾಗದಲ್ಲಿ 8 ಎಂಬಿ ಕೊಡುವ ಸರಳ ಕಾರ್ಡ್ ಹಾಕಿದರೆ, ಪಿಸಿಎಂಸಿಐಎ ಸ್ಲಾಟ್ (ಪಕ್ಕದಲ್ಲಿ ಕಾರ್ಡ್ ತೂರಿಸುವ ಜಾಗ) ಬಳಸುವ ವಿಳಾಸದ ಮೇಲೆ ಅದು ಹೋಗಿ ಕೂರುತ್ತದೆ. ನೆಟ್‌ವರ್ಕ್ ಕಾರ್ಡ್ ಕಾಣೆ. ಆ ಕಾರ್ಡ್‌ನಲ್ಲಿ 4 ಎಂಬಿಗೆ ಇಳಿಸುವ ಜಂಪರ್ ಇದೆಯೇ ನೋಡಿ. ಇದ್ದರೆ ಅದನ್ನು ಬಳಸಿ, ಸ್ಲಾಟ್ ವಾಪಸ್ ಬರುತ್ತದೆ.

ಲಿನಕ್ಸ್‌ಗೆ ಹೋಗುವವರು ಇನ್ನೊಂದನ್ನು ಬರೆದಿಟ್ಟುಕೊಳ್ಳಿ. ಅಮಿಗಾ ಲಿನಕ್ಸ್ ಚಿಪ್ ರ‍್ಯಾಮನ್ನು ಸಾಮಾನ್ಯ ಮೆಮೊರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಪರದೆ, ಧ್ವನಿ, ಫ್ಲಾಪಿಗೆ ಮೀಸಲು. ಜೊತೆಗೆ, ಕರ್ನಲ್ ಯಾವ ತುಂಡಿನಲ್ಲಿ ಕೂರುತ್ತದೋ ಅದಕ್ಕಿಂತ ಕೆಳಗಿನ ವಿಳಾಸದಲ್ಲಿರುವ ತುಂಡುಗಳನ್ನು ಅದು ಬಿಟ್ಟುಬಿಡುತ್ತದೆ. ಹಾಗಾಗಿ '2 ಮತ್ತು 8 ಮತ್ತು 32, ಒಟ್ಟು 42 ಎಂಬಿ' ಅಂತ ನೀವು ಕೂಡಿಸಿದ್ದು ಕರ್ನಲ್ ಕಣ್ಣಿಗೆ 32 ಮಾತ್ರ ಆಗಿರಬಹುದು.

ಯಾರ ಜೊತೆ ಹಂಚಿಕೊಂಡಿದೆ. ಚಿತ್ರ ತೋರಿಸುವ ಚಿಪ್ ಕೂಡ ಅದೇ ಮೆಮೊರಿಯನ್ನು ಓದುತ್ತಿರುತ್ತದೆ. ಅದು ಓದುವಾಗ ಪ್ರೊಸೆಸರ್ ಕಾಯಬೇಕು. ಕಮಡೋರ್ 64ರಲ್ಲಿ ವಿಕ್-2 ಚಿಪ್ ಪರದೆಯ ಪ್ರತಿ ಎಂಟನೇ ಗೆರೆಯಲ್ಲಿ ಸುಮಾರು 40 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಕಸಿಯುತ್ತದೆ. ಒಟ್ಟು ಲೆಕ್ಕದಲ್ಲಿ ಶೇ 5ರಷ್ಟು. ಸ್ಪೆಕ್ಟ್ರಂನಲ್ಲಿ ಮೊದಲ 16 ಕೆಬಿ ರ‍್ಯಾಮ್‌ಗೆ ಈ ಕಾಟ, ಮೇಲಿನ 32 ಕೆಬಿಗೆ ಇಲ್ಲ. ಅಮಿಗಾ 500ರಲ್ಲಿ ಹೈ-ರೆಸ್ 16 ಬಣ್ಣದ ಪರದೆ ಇಟ್ಟರೆ ಗೆರೆ ಬರೆಯುವ ಹೊತ್ತಿನಲ್ಲಿ ಪ್ರೊಸೆಸರ್‌ಗೆ ಚಿಪ್ ರ‍್ಯಾಮ್ ಸಿಗುವುದೇ ಇಲ್ಲ. ಕೆಳಗಿನ ಬಾಗಿಲಲ್ಲಿ ಸೇರಿಸುವ 512 ಕೆಬಿ ಕಾರ್ಡ್ ಕೂಡ ಇದೇ ಸರದಿಯಲ್ಲಿ ನಿಲ್ಲುತ್ತದೆ. ಅದನ್ನು ವೇಗದ ಮೆಮೊರಿ ಅಂತ ಎಣಿಸಬೇಡಿ.

ಎಣಿಕೆ ಮುಗಿದ ಮೇಲೆ ಮೆಮೊರಿ ಪರೀಕ್ಷೆಯನ್ನು ಒಂದು ರಾತ್ರಿ ಪೂರ್ತಿ ಓಡಿಸಿ. ಹತ್ತು ನಿಮಿಷ ಸಾಲದು. ಬಿಸಿಯಾದ ಮೇಲೆ ತಪ್ಪು ತೋರಿಸುವ ಚಿಪ್‌ಗಳೇ ಜಾಸ್ತಿ.

## ಹಂತ 4: ಈಗ ಸಿಸ್ಟಂ ಆರಿಸಿ

ನೋಟ್‌ಬುಕ್ ತೆರೆಯಿರಿ. ಅಲ್ಲಿ ಇರುವುದೇ ಉತ್ತರ ಹೇಳುತ್ತದೆ.

ಕಮಡೋರ್ 64 ಇದ್ದರೆ ಲೂನಿಕ್ಸ್ ಅಥವಾ ಕಂಟಿಕಿ ನೋಡಿ. 6502ರ ಸ್ಟ್ಯಾಕ್ (ಪ್ರೋಗ್ರಾಂ ನಡುವಿನ ಲೆಕ್ಕ, ವಾಪಸ್ ಹೋಗುವ ವಿಳಾಸ ಇಟ್ಟುಕೊಳ್ಳುವ ಜಾಗ) ಬರೀ 256 ಬೈಟ್, ಅದೂ ಒಂದೇ ಜಾಗದಲ್ಲಿ ಸ್ಥಿರ. ಕೆಲಸದಿಂದ ಕೆಲಸಕ್ಕೆ ಬದಲಾಗುವಾಗ ಅದನ್ನು ನಕಲು ಮಾಡಬೇಕು, ಇಲ್ಲವೇ ಹೋಳು ಮಾಡಿ ಹಂಚಬೇಕು. ಹಾಗಾಗಿ ಮೂರ್ನಾಲ್ಕು ಸಣ್ಣ ಕೆಲಸಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಝಡ್80ರಲ್ಲಿ ಸ್ಟ್ಯಾಕನ್ನು ಎಲ್ಲಿ ಬೇಕಾದರೂ ಇಡಬಹುದು. ಅದರ ಮೇಲೆ ಪುಟ ಬದಲಿಸುವ ವ್ಯವಸ್ಥೆ ಇದ್ದರೆ ದಾರಿ ದೊಡ್ಡದು. ಆಮ್ಸ್‌ಟ್ರಾಡ್ ಸಿಪಿಸಿ 6128 ಅಥವಾ ಎಂಎಸ್‌ಎಕ್ಸ್2 ಇದ್ದು 128 ಕೆಬಿ ಇದ್ದರೆ ಸಿಂಬೊಸ್ ಹಾಕಿ. ಕಿಟಕಿಗಳು, ಒಟ್ಟೊಟ್ಟಿಗೆ ಹಲವು ಕೆಲಸ, ಎಲ್ಲ ಬರುತ್ತದೆ. ಯುನಿಕ್ಸ್ ರೀತಿಯೇ ಬೇಕು ಅಂದರೆ ಫುಜಿಕ್ಸ್ ಇದೆ. ಆದರೆ ನಿಮ್ಮ ಬೋರ್ಡ್‌ನ ಹೆಸರು ಅದರ ಪಟ್ಟಿಯಲ್ಲಿ ಇದೆಯೇ, ಯಾವ ಮೆಮೊರಿ ಕಾರ್ಡ್ ಜೊತೆಗೆ ಅಂತ ನೋಡಿಯೇ ಮುಂದುವರಿಯಿರಿ. ಝಡ್80 ಇದೆ ಅಂದಮಾತ್ರಕ್ಕೆ ಓಡುವುದಿಲ್ಲ.

6809 ಇರುವ ಟ್ಯಾಂಡಿ ಕಲರ್ ಕಂಪ್ಯೂಟರ್ 3 ನನ್ನ ಮೆಚ್ಚಿನದು. ಅದರ ಗೈಮ್ ಚಿಪ್ ಮೆಮೊರಿಯನ್ನು 8 ಕೆಬಿ ತುಂಡುಗಳಾಗಿ ಎಲ್ಲಿಗೆ ಬೇಕಾದರೂ ಹೊಂದಿಸುತ್ತದೆ. 6809ರಲ್ಲಿ ಎಲ್ಲಿ ಇಟ್ಟರೂ ಓಡುವ ಕೋಡ್ ಬರೆಯುವುದು ಸುಲಭ. ಹಾಗಾಗಿ ಓಎಸ್-9 ಲೆವೆಲ್ 2 ಅಥವಾ ನೈಟ್ರೋಸ್-9 ಅಲ್ಲಿ ಸಹಜವಾಗಿ ಕೂರುತ್ತದೆ. 128 ಕೆಬಿಯಲ್ಲಿ ಶುರುವಾಗುತ್ತದೆ, ಆದರೆ 512 ಕೆಬಿ ಇಲ್ಲದೆ ಕೆಲಸ ಮಾಡುವುದು ಕಷ್ಟ.

68000 ಇರುವ ಎಸ್‌ಟಿಗೆ ಫ್ರೀಮಿಂಟ್ ಹಾಕಬಹುದು. ಹಲವು ಕೆಲಸ ಒಟ್ಟಿಗೆ ಓಡುತ್ತವೆ, ಬೇಲಿ ಮಾತ್ರ ಇರುವುದಿಲ್ಲ. ಎಸ್‌ಟಿ, ಅಮಿಗಾ ಎರಡಕ್ಕೂ ಹಳೆಯ ಮಿನಿಕ್ಸ್ 1.5 ಇದೆ. 8088 ಅಥವಾ 286 ಪಿಸಿ ಇದ್ದರೆ ಎಲ್ಕ್ಸ್. ಅಲ್ಲಿ ಸಾಮಾನ್ಯ ಲಿನಕ್ಸ್ ಹುಡುಕಬೇಡಿ. 386 ಇದ್ದರೆ 3.8ಕ್ಕಿಂತ ಹಳೆಯ ಲಿನಕ್ಸ್ ಕರ್ನಲ್ ಬೇಕು. ಆ ಆವೃತ್ತಿಯಲ್ಲಿ 386 ಬೆಂಬಲ ತೆಗೆದುಹಾಕಿದ್ದಾರೆ.

ಪೂರ್ಣ 68030 ಅಥವಾ ಮೇಲಿನದು ಇದ್ದರೆ ಲಿನಕ್ಸ್, ನೆಟ್‌ಬಿಎಸ್‌ಡಿ ಎರಡೂ ತೆರೆದಿವೆ. 32 ಎಂಬಿಗಿಂತ ಕಡಿಮೆ ಇದ್ದರೆ ಹೊಸ ಲಿನಕ್ಸ್ ಕಡೆ ಹೋಗಬೇಡಿ ಅಂತ ನನ್ನ ಸಲಹೆ. ಬೇಡದ ಡ್ರೈವರ್ ತೆಗೆದು ನೆಟ್‌ಬಿಎಸ್‌ಡಿ ಕರ್ನಲ್ ಕಟ್ಟಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ.

## ಹಂತ 5: ಎಮ್ಯುಲೇಟರ್‌ನಲ್ಲಿ ಒಮ್ಮೆ ಪೂರ್ತಿ ಹಾಕಿ ನೋಡಿ

ವೈಸ್, ಫ್ಯೂಸ್, ಹಟಾರಿ, ವಿನ್‌ಯುಎಇ, ಎಫ್‌ಎಸ್-ಯುಎಇ. ಇವು ಹಳೆಯ ಯಂತ್ರವನ್ನು ಈಗಿನ ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಂಗಳು, ಅಂದರೆ ಎಮ್ಯುಲೇಟರ್‌ಗಳು. ನಿಮ್ಮ ಯಂತ್ರಕ್ಕೆ ತಕ್ಕದ್ದನ್ನು ತೆಗೆದುಕೊಳ್ಳಿ. ಪ್ರೊಸೆಸರ್, ಮೆಮೊರಿ, ರೋಮ್ ಆವೃತ್ತಿ ನಿಮ್ಮ ನೋಟ್‌ಬುಕ್‌ನಲ್ಲಿ ಇದ್ದಂತೆಯೇ ಹೊಂದಿಸಿ. ಇಲ್ಲಿ ಆಸೆಗೆ ಬಿದ್ದು 128 ಎಂಬಿ ಕೊಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ. ವಿನ್‌ಯುಎಇಯಲ್ಲಿ ಎಂಎಂಯು ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು. ಅದನ್ನು ಮರೆತರೆ ಕರ್ನಲ್ ಶುರುವಿನಲ್ಲೇ ನಿಲ್ಲುತ್ತದೆ.

ಎಮ್ಯುಲೇಟರ್‌ನಲ್ಲಿ ಓಡದ್ದು ಯಂತ್ರದಲ್ಲಿ ಓಡುವುದು ಅಪರೂಪ. ಓಡಿದ್ದು ಯಂತ್ರದಲ್ಲಿ ನಿಲ್ಲಬಹುದು. ಶಾಖ, ವೋಲ್ಟೇಜ್, ಸವೆದ ಕನೆಕ್ಟರ್ ಅಲ್ಲಿ ಇರುವುದಿಲ್ಲವಲ್ಲ. ಆದರೆ ಈಗ ನಿಮ್ಮ ಹತ್ತಿರ ಸರಿಯಾದ ಡಿಸ್ಕ್ ಇಮೇಜ್ ಇದೆ. ಇನ್ನು ಮುಂದೆ ಸೋತರೆ ತಪ್ಪು ಹಾರ್ಡ್‌ವೇರ್‌ನದು ಅಂತ ಧೈರ್ಯವಾಗಿ ಹೇಳಬಹುದು.

## ಹಂತ 6: ಡಿಸ್ಕ್‌ನ ಗಡಿ ತಿಳಿದು ಭಾಗ ಮಾಡಿ

ಕಾಂಪ್ಯಾಕ್ಟ್ ಫ್ಲಾಶ್ ಅಥವಾ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕುವುದು ಈಗ ರೂಢಿ. ಕಾರ್ಡ್ ದೊಡ್ಡದಾದಷ್ಟೂ ತೊಂದರೆ ಜಾಸ್ತಿ.

ಅಮಿಗಾಓಎಸ್ 3.1 ಮತ್ತು ಅದಕ್ಕಿಂತ ಹಳೆಯದು 4 ಜಿಬಿ ಗಡಿಯನ್ನು ದಾಟಲಾರದು. ದಾಟಿದಾಗ ಎರರ್ ಬರುವುದಿಲ್ಲ, ಬರೆಯುವ ಜಾಗ ಸುತ್ತಿಕೊಂಡು ಡಿಸ್ಕ್‌ನ ಶುರುವಿಗೇ ಬಂದುಬಿಡುತ್ತದೆ. ನಿಮ್ಮ ಬೂಟ್ ಭಾಗ (ಸಿಸ್ಟಂ ಶುರುವಾಗುವ ಭಾಗ) ಸದ್ದಿಲ್ಲದೆ ಹಾಳಾಗುತ್ತದೆ. ಆದ್ದರಿಂದ ಅಮಿಗಾ ಓದುವ ಎಲ್ಲ ಭಾಗಗಳನ್ನೂ ಮೊದಲ 4 ಜಿಬಿ ಒಳಗೇ ಇಡಿ. ಅದೇ ಹಳೆಯ ರೋಮ್‌ನ ಐಡಿಇ (ಡಿಸ್ಕ್ ಜೋಡಿಸುವ ವ್ಯವಸ್ಥೆ) ಮತ್ತು ಫ್ಲಾಶ್ ಕಾರ್ಡ್ ಸೇರಿದಾಗ ದೊಡ್ಡ ಫೈಲ್‌ಗಳು ಕೆಡುತ್ತವೆ. ಭಾಗ ಮಾಡುವ ಪ್ರೋಗ್ರಾಂನಲ್ಲಿ ಮ್ಯಾಕ್ಸ್‌ಟ್ರಾನ್ಸ್‌ಫರ್ ಎಂಬ ಜಾಗದಲ್ಲಿ 130560 ಬೈಟ್‌ಗೆ ಸಮನಾದ ಸಂಖ್ಯೆ ಕೊಡಿ. ಅದು 131072ರಲ್ಲಿ ಒಂದು ಸೆಕ್ಟರ್ (512 ಬೈಟ್) ಕಡಿಮೆ. ಇದನ್ನು ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ ಕೊಡಬೇಕು. ಒಂದಕ್ಕೆ ಕೊಟ್ಟು ಮರೆಯುವವರೇ ಜಾಸ್ತಿ.

ಹಳೆಯ ಪಿಸಿಯನ್ನು ಎಬ್ಬಿಸುವ ರೋಮ್ ಪ್ರೋಗ್ರಾಂ, ಅಂದರೆ ಬಯೋಸ್, 504 ಎಂಬಿ ಆಚೆ ನೋಡದಿರಬಹುದು. ಕರ್ನಲ್ ಇರುವ ಭಾಗ ಆ ಗಡಿಯ ಒಳಗೇ ಇರಲಿ.

ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗದ ಬಗ್ಗೆ ಒಂದು ಮಾತು. ಅಮಿಗಾ 1200ರ ಮೂಲ ಐಡಿಇ ಸೆಕೆಂಡಿಗೆ ಒಂದೆರಡು ಎಂಬಿ ಸಾಗಿಸುತ್ತದೆ, ಮತ್ತು ಪ್ರತಿ ಬೈಟನ್ನೂ ಪ್ರೊಸೆಸರೇ ಹೊರಬೇಕು. ಸ್ವಾಪ್ ಇಡಿ, ಕಂಪೈಲ್ ಮಾಡುವಾಗ ಉಳಿಸುತ್ತದೆ. ಆದರೆ ಅದನ್ನು ಮೆಮೊರಿಯ ಬದಲಿ ಅಂತ ಎಣಿಸಬೇಡಿ.

## ಹಂತ 7: ಮೊದಲ ಬೂಟ್ ಬರಿಗೈಯಲ್ಲಿ

ನೆಟ್‌ವರ್ಕ್ ಕಾರ್ಡ್, ಗ್ರಾಫಿಕ್ಸ್ ಕಾರ್ಡ್, ಎರಡನೇ ಡಿಸ್ಕ್ ಎಲ್ಲ ತೆಗೆಯಿರಿ. ಪ್ರೊಸೆಸರ್, ಮೆಮೊರಿ, ಒಂದು ಡಿಸ್ಕ್. ಅಷ್ಟೇ ಇರಲಿ.

ಸೀರಿಯಲ್ ಕೇಬಲನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ, 9600 ವೇಗ (ಸೆಕೆಂಡಿಗೆ 9600 ಬಿಟ್) ಇಟ್ಟು, ಕರ್ನಲ್‌ಗೆ ಸಂದೇಶಗಳನ್ನು ಸೀರಿಯಲ್‌ಗೆ ಕಳಿಸಲು ಹೇಳಿ. ಪರದೆಯ ಡ್ರೈವರ್ ಶುರುವಾಗುವ ಮೊದಲೇ ಕರ್ನಲ್ ಸತ್ತರೆ ನಿಮಗೆ ಕಾಣುವುದು ಖಾಲಿ ಪರದೆ ಮಾತ್ರ. ಸೀರಿಯಲ್‌ನಲ್ಲಾದರೆ ಕೊನೆಯ ಸಾಲು ಸಿಗುತ್ತದೆ. ಆ ಒಂದು ಸಾಲು ವಾರಗಳನ್ನು ಉಳಿಸುತ್ತದೆ.

ಅಮಿಗಾದಲ್ಲಿ ಲಿನಕ್ಸ್ ಎತ್ತಲು ಅಮಿಬೂಟ್, ಮ್ಯಾಕ್‌ನಲ್ಲಿ ಪೆಂಗ್ವಿನ್. ಎರಡೂ ಮೂಲ ಸಿಸ್ಟಂ ಒಳಗಿನಿಂದಲೇ ಓಡುತ್ತವೆ. ಅವುಗಳನ್ನು ಓಡಿಸುವ ಮೊದಲು ಮೂಲ ಸಿಸ್ಟಂನ ಆಡ್-ಆನ್‌ಗಳನ್ನೆಲ್ಲ ನಿಲ್ಲಿಸಿ. ಮುಖ್ಯವಾಗಿ ಎಂಎಂಯು ಬಳಸಿ ರೋಮನ್ನು ವೇಗದ ಮೆಮೊರಿಗೆ ತರುವ ಪ್ರೋಗ್ರಾಂ ಇದ್ದರೆ ಅದನ್ನು. ಆಮೇಲೆ ಕರ್ನಲ್ ತೋರಿಸುವ ಮೆಮೊರಿ ಸಾಲನ್ನು ಹಂತ 3ರಲ್ಲಿ ಬರೆದದ್ದರ ಜೊತೆ ಹೋಲಿಸಿ. ಚಿಪ್ ರ‍್ಯಾಮ್ ಬಿಟ್ಟೂ ಕಡಿಮೆ ಕಂಡರೆ ಕರ್ನಲ್ ತಪ್ಪು ತುಂಡಿನಲ್ಲಿ ಕೂತಿರಬಹುದು.

ಗಡಿಯಾರ ಸರಿ ಇದೆಯೇ ನೋಡಿ. ಬ್ಯಾಟರಿ ತೆಗೆದ ಯಂತ್ರ ಪ್ರತಿ ಸಲ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಡಿಸ್ಕ್ ಪರೀಕ್ಷೆ 'ಕೊನೆಯ ಬಳಕೆ ಮುಂದಿನ ಕಾಲದಲ್ಲಿದೆ' ಅಂತ ತಕರಾರು ತೆಗೆಯುತ್ತದೆ. ಕಂಪೈಲ್ ಕೆಲಸವೂ ಎಡವಟ್ಟಾಗುತ್ತದೆ.

ಎಲ್ಲ ಸರಿಯಾಗಿ ಲಾಗಿನ್ ಬಂದ ಮೇಲೆ ಒಂದೊಂದೇ ಕಾರ್ಡ್ ಸೇರಿಸಿ. ಪ್ರತಿ ಕಾರ್ಡ್‌ಗೂ ಒಂದು ಬೂಟ್.

## ಹಂತ 8: ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಿ

ನಿಧಾನ ಅಂತ ಅನ್ನಿಸಿದಾಗ ಅದು ದೋಷವೋ ಮಿತಿಯೋ ಗೊತ್ತಾಗಬೇಕು. ಅದಕ್ಕೆ ಲೆಕ್ಕವೇ ದಾರಿ.

ಯುನಿಕ್ಸ್‌ನಲ್ಲಿ ಹೊಸ ಕೆಲಸ ಹುಟ್ಟುವುದು ಹಳೆಯದರ ನಕಲಾಗಿ. ಎಂಎಂಯು ಇಲ್ಲದಿದ್ದರೆ ಈ ನಕಲನ್ನು ಬೈಟ್ ಬೈಟಾಗಿ ಮಾಡಬೇಕಾಗುತ್ತದೆ, ಯಾಕೆಂದರೆ ಎರಡೂ ಅದೇ ವಿಳಾಸ ಬೇಡುತ್ತವೆ. 6502ರಲ್ಲಿ ಸಾಮಾನ್ಯ ನಕಲು ಲೂಪ್ ಒಂದು ಬೈಟ್‌ಗೆ 16 ಸೈಕಲ್ ತಿನ್ನುತ್ತದೆ. 32 ಕೆಬಿ ನಕಲಿಗೆ 524288 ಸೈಕಲ್. 1 ಮೆಗಾಹರ್ಟ್ಸ್ ಯಂತ್ರದಲ್ಲಿ ಅರ್ಧ ಸೆಕೆಂಡಿಗೂ ಜಾಸ್ತಿ, ಒಂದೇ ಒಂದು ಕಮಾಂಡ್ ಶುರುವಾಗಲು. ಝಡ್80ರ ಎಲ್‌ಡಿಐಆರ್ ಆದೇಶ ಬೈಟ್‌ಗೆ 21 ಸೈಕಲ್ ತೆಗೆದುಕೊಂಡರೂ, 3.5 ಮೆಗಾಹರ್ಟ್ಸ್‌ನಲ್ಲಿ ಅದೇ ಕೆಲಸ ಸುಮಾರು 0.2 ಸೆಕೆಂಡಿನಲ್ಲಿ ಮುಗಿಯುತ್ತದೆ. ಕಮಡೋರ್ 64ಕ್ಕೆ ಆರ್‌ಇಯು ಮೆಮೊರಿ ಕಾರ್ಡ್ ಇದ್ದರೆ ಅದು ಒಂದು ಸೈಕಲ್‌ಗೆ ಒಂದು ಬೈಟ್ ಸಾಗಿಸುತ್ತದೆ. ಅರ್ಧ ಸೆಕೆಂಡ್ 0.03ಕ್ಕೆ ಇಳಿಯುತ್ತದೆ. ಅಲ್ಲಿ ಹಣ ಹಾಕುವುದು ಸಾರ್ಥಕ.

ಅದೇ 32 ಕೆಬಿಯನ್ನು 1541 ಫ್ಲಾಪಿ ಡ್ರೈವ್‌ನಿಂದ ಓದಿದರೆ? ಮೂಲ ವೇಗ ಸೆಕೆಂಡಿಗೆ ಸುಮಾರು 400 ಬೈಟ್. ಎಂಬತ್ತು ಸೆಕೆಂಡ್ ದಾಟುತ್ತದೆ. ಇಲ್ಲಿ ಯಾವ ಸಾಫ್ಟ್‌ವೇರ್ ತಿದ್ದುಪಡಿಗಿಂತಲೂ ಡಿಸ್ಕ್ ಬದಲಾಯಿಸುವುದೇ ದೊಡ್ಡ ಲಾಭ.

ಪರದೆಯದೂ ಲೆಕ್ಕವೇ. 80 ಅಕ್ಷರ, 24 ಸಾಲು ಅಂದರೆ 1920 ಅಕ್ಷರ. 9600 ವೇಗದ ಸೀರಿಯಲ್‌ನಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. ಪೂರ್ತಿ ಪರದೆಗೆ ಎರಡು ಸೆಕೆಂಡ್. ಅಮಿಗಾದಲ್ಲಿ ಪರದೆಯನ್ನು 16 ಬಣ್ಣದಿಂದ 2 ಅಥವಾ 4ಕ್ಕೆ ಇಳಿಸಿ. ಚಿಪ್ ರ‍್ಯಾಮ್ ಸರದಿ ಕರಗುತ್ತದೆ, ಸ್ಕ್ರೋಲ್ ಮಾಡುವಾಗಲೇ ವ್ಯತ್ಯಾಸ ಕಾಣುತ್ತದೆ. ಖರ್ಚಿಲ್ಲದ ಸುಧಾರಣೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

68030ರಲ್ಲಿ ಎಸ್‌ಎಸ್‌ಎಚ್ ಲಾಗಿನ್ (ನೆಟ್‌ವರ್ಕ್ ಮೂಲಕ ಗೂಢಲಿಪಿಯಲ್ಲಿ ಒಳಹೋಗುವುದು) ತುಂಬಾ ಹೊತ್ತು ತೆಗೆದುಕೊಂಡರೆ ಗಾಬರಿ ಬೇಡ. ಈಗಿನ ಗೂಢಲಿಪಿ ಲೆಕ್ಕಗಳು ಆ ಚಿಪ್‌ಗೆ ಹೇಳಿ ಮಾಡಿಸಿದ್ದಲ್ಲ. ಮನೆಯೊಳಗಿನ ಕೆಲಸಕ್ಕೆ ಸೀರಿಯಲ್ ಲಾಗಿನ್ ಬಳಸಿ.

## ಎಚ್ಚರಿಕೆಯ ಗುರುತುಗಳು

ಬೂಟ್ ಪ್ರತಿ ಸಲ ಒಂದೇ ಸಾಲಿನಲ್ಲಿ ನಿಂತರೆ ಅದು ಸಾಫ್ಟ್‌ವೇರ್ ಅಥವಾ ಇಲ್ಲದ ಹಾರ್ಡ್‌ವೇರ್. ಎಂಎಂಯು, ಎಫ್‌ಪಿಯು, ವಿಳಾಸದ ಘರ್ಷಣೆ ಇವುಗಳಲ್ಲಿ ಒಂದು. ಹಂತ 2ಕ್ಕೆ ವಾಪಸ್ ಹೋಗಿ.

ಪ್ರತಿ ಸಲ ಬೇರೆ ಬೇರೆ ಸಾಲಿನಲ್ಲಿ ನಿಂತರೆ ಕರೆಂಟು ಅಥವಾ ಮೆಮೊರಿ ಚಿಪ್. ಕರ್ನಲ್ ಬದಲಾಯಿಸುತ್ತಾ ಕೂರಬೇಡಿ. 5 ವೋಲ್ಟ್ ಗೆರೆಯನ್ನು ಓಡುತ್ತಿರುವಾಗಲೇ ಅಳೆಯಿರಿ.

ತಣ್ಣಗಿದ್ದಾಗ ಓಡಿ, ಅರ್ಧ ಗಂಟೆಯ ಮೇಲೆ ನಿಂತರೆ ಶಾಖ. ಮುಚ್ಚಳ ತೆಗೆದು ಸಣ್ಣ ಫ್ಯಾನ್ ಗಾಳಿ ಬಿಟ್ಟು ನೋಡಿ. ಹೆಚ್ಚು ಹೊತ್ತು ಓಡಿದರೆ ಊಹೆ ಸರಿ. ಕಾರ್ಡ್ ಅದರ ಚಿಪ್‌ಗೆ ಬರೆದಿರುವ ವೇಗಕ್ಕಿಂತ ಜಾಸ್ತಿ ಓಡುತ್ತಿದೆಯೇ ಅಂತಲೂ ನೋಡಿ.

ಸಣ್ಣ ಫೈಲ್ ಸರಿ, ದೊಡ್ಡ ಫೈಲ್ ಮಾತ್ರ ಕೆಡುತ್ತಿದ್ದರೆ ಮ್ಯಾಕ್ಸ್‌ಟ್ರಾನ್ಸ್‌ಫರ್. ಡಿಸ್ಕ್ ತುಂಬುತ್ತಾ ಬಂದಾಗ ಇದ್ದಕ್ಕಿದ್ದಂತೆ ಬೂಟ್ ನಿಂತರೆ 4 ಜಿಬಿ ಗಡಿ. ಎರಡರಲ್ಲೂ ಕೂಡಲೇ ಬರೆಯುವುದನ್ನು ನಿಲ್ಲಿಸಿ, ಕಾರ್ಡ್ ತೆಗೆದು ಇನ್ನೊಂದು ಕಂಪ್ಯೂಟರ್‌ನಲ್ಲಿ ಅದರ ಪೂರ್ತಿ ನಕಲು ತೆಗೆದುಕೊಳ್ಳಿ. ರಿಪೇರಿ ಪ್ರೋಗ್ರಾಂ ಓಡಿಸುವುದು ಅದಾದ ಮೇಲೆ.

ಸಪ್ಲೈ ಗುಂಯ್ ಅಂದರೆ, ಸುಟ್ಟ ವಾಸನೆ ಬಂದರೆ, ಯಾವುದಾದರೂ ಚಿಪ್ ಮೇಲೆ ಬೆರಳಿಡಲು ಆಗದಷ್ಟು ಬಿಸಿ ಇದ್ದರೆ ಸಂದೇಶ ಪೂರ್ತಿ ಓದುವವರೆಗೂ ಕಾಯಬೇಡಿ. ಗೋಡೆಯ ಪ್ಲಗ್ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಹಂತ 1ರಿಂದ ಮತ್ತೆ ಶುರು ಮಾಡಿ, ಈ ಸಲ ಕಾರ್ಡ್ ಯಾವುದೂ ಇಲ್ಲದೆ.